ಮೇಯರ್ ಚುನಾವಣೆ: ಪಟ್ಟಿ ಬರೆಯೋರು ಯಾರು?

2025ರ ನವೆಂಬರ್ ಮೊದಲ ವಾರದ ಕೊನೆಗೆ ಎರಡು ದಿನ ಬಿಡುವು ಸಿಕ್ಕಿತು ಅಂತ ಊರಿಗೆ ಹೋಗಿದ್ದೆ. ನಮ್ಮದು ತಿಪಟೂರು ತಾಲ್ಲೂಕು, ನೊಣವಿನಕೆರೆ ಹೋಬಳಿಯ ಒಂದು ಹಳ್ಳಿ. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಿತ್ತು, ಮನೆಯವರೆಲ್ಲ ಅದರ ಕೆಲಸದಲ್ಲಿದ್ದರು. ಟೀವಿ ತನ್ನ ಪಾಡಿಗೆ ಓಡ್ತಾ ಇತ್ತು. ಅದರಲ್ಲಿ ಬೆಳಿಗ್ಗೆಯಿಂದ ಒಂದೇ ಮುಖ.

"ಅದ್ಯಾರ್ಲಾ ಅವ್ನು, ಅವನ್ನೇ ತೋರುಸ್ತಾವ್ರೆ?" ಅಂದರು ಅಜ್ಜಿ.

"ಅಮೆರಿಕದಾಗೆ ನ್ಯೂಯಾರ್ಕ್ ಅಂತ ಊರೈತಲ್ಲ, ಅದರ ಹೊಸ ಮೇಯರ್ ಕಣಜ್ಜಿ. ನಮ್ಮ ಪಂಚಾಯ್ತಿಗೆ ಅಧ್ಯಕ್ಷರಿದ್ದಂಗೆ."

"ಸರಿ. ನಿಮ್ ಬೆಂಗ್ಳೂರಿಗೆ ಯಾರು?"

"ಯಾರೂ ಇಲ್ಲ."

"ಹೋಗ್ಲಿ, ನೀನಿರೋ ಬೀದಿಗೆ ಮೆಂಬ್ರು ಯಾರು?"

"ಅವ್ರೂ ಇಲ್ಲಜ್ಜಿ. ಐದು ವರ್ಷ ಆಯ್ತು."

ಅಜ್ಜಿ ಕೈಲಿದ್ದ ಕೊಬ್ಬರಿ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು. "ಅಷ್ಟ್ ದೊಡ್ಡೂರ್ನಾಗೆ ನಲ್ಲಿ ನೀರು ಬರ್ದಿದ್ರೆ ಯಾರ್ನ ಬಯ್ಯೋದ್ಲಾ?"

ಎಂಜಿನಿಯರಿಂಗ್ ಓದ್ತಿರೋ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹಳ್ಳಿಯಲ್ಲಿ ನೀರು ಬರಲಿಲ್ಲ ಅಂದರೆ ಪಂಚಾಯ್ತಿ ಮೆಂಬರ್ ಮನೆ ಬಾಗಿಲಿಗೇ ಹೋಗಿ ಕೇಳ್ತಾರೆ. ಒಂದು ಕೋಟಿಗೂ ಹೆಚ್ಚು ಜನರಿರುವ ಊರಲ್ಲಿ ಬಾಗಿಲು ಯಾವುದು ಅಂತಲೇ ನನಗೆ ಗೊತ್ತಿರಲಿಲ್ಲ. ಹಾಸ್ಟೆಲಿಗೆ ವಾಪಸ್ ಬಂದ ಮೇಲೆ ಈ ವಿಷಯ ಹಿಡಿದು ಓದೋಕೆ ಕೂತೆ. ತಿಳಿದದ್ದನ್ನ ನಿಮ್ಮ ಜೊತೆ ಹಂಚಿಕೊಳ್ತಾ ಇದ್ದೀನಿ. ಮುಂದೆ ನಮ್ಮಲ್ಲಿ ಬಹುಪಾಲು ಜನ ಬೆಂಗಳೂರಲ್ಲೇ ಕೆಲಸ ಹಿಡಿದು, ಅಲ್ಲೇ ಮನೆ ಮಾಡೋರು. ಹಾಗಾಗಿ ಇದು ನಮ್ಮದೇ ವಿಷಯ.

ಮೂರು ಪ್ರಶ್ನೆ

ಯಾವುದೇ ಮೇಯರ್ ಚುನಾವಣೆ ಅರ್ಥ ಆಗಬೇಕಾದರೆ ಮೂರು ಪ್ರಶ್ನೆ ಕೇಳಬೇಕು. ಕಣದಲ್ಲಿ ಯಾರಿರಬೇಕು ಅನ್ನೋ ಪಟ್ಟಿ ಬರೆಯೋರು ಯಾರು? ಆ ಪಟ್ಟಿಯಿಂದ ಆರಿಸೋ ಮತ ಯಾರದು? ಗೆದ್ದವರ ಕೈಲಿ ಏನಿರುತ್ತೆ?

ನಾವು ಸಾಮಾನ್ಯವಾಗಿ ಎರಡನೆಯದನ್ನ ಮಾತ್ರ ಚುನಾವಣೆ ಅಂತೀವಿ. ನನಗೆ ಕಂಡ ಹಾಗೆ ಅರ್ಧ ಆಟ ಮೊದಲನೇ ಪ್ರಶ್ನೆಯಲ್ಲೇ ಮುಗಿದಿರುತ್ತೆ.

ಇದು ನಮ್ಮ ತಿಪಟೂರು ಕಡೆಯವರಿಗೆ ಬೇಗ ಗೊತ್ತಾಗುತ್ತೆ. ಎಪಿಎಂಸಿಗೆ ಉಂಡೆ ಕೊಬ್ಬರಿ ತಗೊಂಡು ಹೋದಾಗ ಒಳ್ಳೇ ರೇಟು ಸಿಗಬೇಕಾದರೆ ಮಾಲು ಚೆನ್ನಾಗಿದ್ದರೆ ಸಾಲದು, ಟೆಂಡರ್ ಹಾಕೋಕೆ ನಾಲ್ಕು ಜನ ವರ್ತಕರೂ ಬರಬೇಕು. ಬಂದವರು ಇಬ್ಬರೇ, ಅವರೂ ಮೊದಲೇ ಮಾತಾಡಿಕೊಂಡು ಬಂದಿದ್ದಾರೆ ಅಂದರೆ ರೈತ ತನ್ನಿಷ್ಟದಂತೆ ಯಾರಿಗಾದರೂ ಮಾರಬಹುದು ಅನ್ನೋ ಸ್ವಾತಂತ್ರ್ಯಕ್ಕೆ ಏನು ಬೆಲೆ? ಚುನಾವಣೆಯಲ್ಲೂ ಅಷ್ಟೇ.

ಬೆಂಗಳೂರು: ಮೇಯರ್‌ಗೆ ನಾವು ಓಟೇ ಹಾಕಲ್ಲ

ಮೊದಲು ಎರಡನೇ ಪ್ರಶ್ನೆ, ಮತ ಯಾರದು ಅನ್ನೋದನ್ನ ನೋಡೋಣ. ಬೆಂಗಳೂರಿನ ಮತದಾರ ತನ್ನ ವಾರ್ಡಿನ ಕಾರ್ಪೊರೇಟರ್‌ಗೆ ಓಟು ಹಾಕ್ತಾನೆ. ಮೇಯರ್ ಯಾರು ಅಂತ ತೀರ್ಮಾನ ಆಗೋದು ಆಮೇಲೆ, ಪಾಲಿಕೆಯ ಸಭೆಯಲ್ಲಿ. ಗ್ರಾಮ ಪಂಚಾಯ್ತಿಯಲ್ಲಿ ಸದಸ್ಯರು ಸೇರಿ ಅಧ್ಯಕ್ಷರನ್ನ ಆರಿಸೋ ಹಾಗೇ. ಒಂದು ವ್ಯತ್ಯಾಸ ಇದೆ. ಬಿಬಿಎಂಪಿಯಲ್ಲಿ ಕಾರ್ಪೊರೇಟರ್‌ಗಳ ಜೊತೆ ನಗರದ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರೂ ಮೇಯರ್ ಚುನಾವಣೆಯಲ್ಲಿ ಮತ ಹಾಕ್ತಿದ್ದರು.

ಇದರ ಪರಿಣಾಮ ಏನು ಅನ್ನೋದು 2015ರಲ್ಲಿ ಚೆನ್ನಾಗಿ ಕಾಣಿಸಿತು. ಆ ವರ್ಷ ಆಗಸ್ಟ್ 22ಕ್ಕೆ 198 ವಾರ್ಡುಗಳಿಗೆ ಚುನಾವಣೆ ನಡೀತು. ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14, ಇತರರು 8. ನೂರ ತೊಂಬತ್ತೆಂಟರಲ್ಲಿ ನೂರು ಬಂದರೆ ಸರಳ ಬಹುಮತ. ಮೇಯರ್ ಬಿಜೆಪಿಯವರೇ ಅಂತ ಯಾರಾದರೂ ಲೆಕ್ಕ ಹಾಕ್ತಾರೆ. ಆದರೆ ಮೇಯರ್ ಆರಿಸೋ ಹಕ್ಕು ಇದ್ದವರು 198 ಜನ ಅಲ್ಲ, 260. ಕಾಂಗ್ರೆಸ್ ಮತ್ತು ಜೆಡಿಎಸ್ ಕೈ ಜೋಡಿಸಿದವು, ಪಕ್ಷೇತರರು ಅವರ ಕಡೆ ಬಂದರು, ಶಾಸಕರು ಮತ್ತು ಪರಿಷತ್ ಸದಸ್ಯರ ಮತಗಳೂ ಸೇರಿದವು. ಸೆಪ್ಟೆಂಬರ್ 11ರಂದು ಕಾಂಗ್ರೆಸ್ಸಿನ ಮಂಜುನಾಥ ರೆಡ್ಡಿ 131 ಮತ ಪಡೆದು ಮೇಯರ್ ಆದರು. ಎದುರಾಳಿಗೆ 128.

ಇಲ್ಲಿ ಯಾರೂ ಕಾನೂನು ಮುರಿದಿಲ್ಲ. ಇದ್ದ ನಿಯಮದ ಪ್ರಕಾರವೇ ಎಲ್ಲ ನಡೆಯಿತು. ಒಂದು ಪಕ್ಷಕ್ಕೆ ಅನ್ಯಾಯ ಆಯ್ತು ಅಂತಲೂ ನಾನು ಹೇಳ್ತಾ ಇಲ್ಲ. ಇನ್ನೊಂದು ವರ್ಷ ಇದೇ ಲೆಕ್ಕ ಇನ್ನೊಂದು ಪಕ್ಷಕ್ಕೆ ಅನುಕೂಲ ಆಗಬಹುದು. ನಾನು ಹೇಳೋದು ಇಷ್ಟೇ: ವಾರ್ಡಿನ ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಾಕಿಸಿಕೊಂಡವರಿಗೂ ಮೇಯರ್ ಕುರ್ಚಿಗೂ ನಡುವೆ ಬಹಳ ದೂರ ಇತ್ತು.

ಆ ಕುರ್ಚಿಯ ಅವಧಿ ಎಷ್ಟು ಗೊತ್ತಾ? ಒಂದೇ ವರ್ಷ. ವರ್ಷ ವರ್ಷವೂ ಮೀಸಲಾತಿ ಬದಲಾಗ್ತಿತ್ತು. ಈ ಸರತಿಯಿಂದ ಒಳ್ಳೆಯದೂ ಆಗಿದೆ, ಮಹಿಳೆಯರು, ದಲಿತರು, ಹಿಂದುಳಿದವರು ಮೇಯರ್ ಗೌನು ತೊಟ್ಟಿದ್ದಾರೆ. ಆದರೆ 2010ರಿಂದ 2020ರವರೆಗೆ ಹತ್ತು ವರ್ಷಕ್ಕೆ ಹತ್ತು ಮೇಯರ್‌ಗಳು. ನಾವು ಸೆಮಿಸ್ಟರ್ ಪ್ರಾಜೆಕ್ಟಿಗೆ ವಿಷಯ ಹುಡುಕೋಕೇ ಎರಡು ತಿಂಗಳು ತಗೋತೀವಿ. ಬಂದವರು ಫೈಲು ಓದಿ ಮುಗಿಸೋ ಹೊತ್ತಿಗೆ ವರ್ಷ ಮುಗಿದಿರುತ್ತೆ.

ಕೊನೆಯ ಮೇಯರ್ ಎಂ. ಗೌತಮ್ ಕುಮಾರ್. 2020ರ ಸೆಪ್ಟೆಂಬರ್ 10ಕ್ಕೆ ಆ ಕೌನ್ಸಿಲ್ ಅವಧಿ ಮುಗೀತು. ಆಮೇಲೆ ನಗರ ನಡೆದದ್ದು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳ ಕೈಲಿ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 243ಯು ವಿಧಿ, ಅವಧಿ ಮುಗಿಯೋ ಮೊದಲೇ ಚುನಾವಣೆ ನಡೆದಿರಬೇಕು ಅನ್ನುತ್ತೆ. ಹಾಗಿದ್ದೂ ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು, ಹೊಸ ಕಾಯ್ದೆ ಅಂತ ಐದು ವರ್ಷ ಕಳೆದು ಹೋಯ್ತು. ಅಜ್ಜಿ ಕೇಳಿದಾಗ "ಯಾರೂ ಇಲ್ಲ" ಅಂದದ್ದು ಇದಕ್ಕೇ.

ಬಿ ಫಾರಂ ಅನ್ನೋ ಒಂದು ಹಾಳೆ

ಈಗ ಮೊದಲನೇ ಪ್ರಶ್ನೆಗೆ ಬರೋಣ, ಪಟ್ಟಿ ಬರೆಯೋರು ಯಾರು? ನಮ್ಮಲ್ಲಿ ಪಕ್ಷದ ಚಿಹ್ನೆ ಸಿಗಬೇಕಾದರೆ ಬಿ ಫಾರಂ ಬೇಕು. ಪಕ್ಷದಲ್ಲಿ ಸಹಿ ಹಾಕೋ ಅಧಿಕಾರ ಯಾರಿಗಿದೆ ಅಂತ ತಿಳಿಸೋದು ಎ ಫಾರಂ, ಇಂಥ ಕ್ಷೇತ್ರಕ್ಕೆ ಇಂಥವರೇ ನಮ್ಮ ಅಭ್ಯರ್ಥಿ ಅಂತ ತಿಳಿಸೋದು ಬಿ ಫಾರಂ. ಆ ಹೆಸರು ಹೇಗೆ ಬಂತು ಅಂತ ಕಾನೂನು ಕೇಳೋದಿಲ್ಲ. ಸಮೀಕ್ಷೆ ಮಾಡಿಸಿರಬಹುದು, ಶಾಸಕರ ಮಾತು ನಡೆದಿರಬಹುದು, ಜಾತಿ ಲೆಕ್ಕ, ಖರ್ಚು ಮಾಡೋ ಶಕ್ತಿ, ಎಲ್ಲವೂ ಇರಬಹುದು. ಹದಿನೈದು ವರ್ಷ ಬ್ಯಾನರ್ ಕಟ್ಟಿದ ಕಾರ್ಯಕರ್ತನಿಗೆ ತನ್ನ ಹೆಸರು ಯಾಕೆ ಬಿಟ್ಟುಹೋಯ್ತು ಅಂತ ಕೊನೆಗೂ ಗೊತ್ತಾಗಲ್ಲ.

ಗೆದ್ದ ಮೇಲೂ ಹಿಡಿತ ಬಿಡಲ್ಲ. ಮೇಯರ್ ಅಭ್ಯರ್ಥಿ ಯಾರು ಅಂತ ಪಕ್ಷದ ಮುಖಂಡರು ತೀರ್ಮಾನ ಮಾಡ್ತಾರೆ, ವಿಪ್ ಬರುತ್ತೆ, ಸಭೆಯಲ್ಲಿ ಕೈ ಎತ್ತಿ ಮತ ಹಾಕಬೇಕು. ವಿಪ್ ಮೀರಿದರೆ 1987ರ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ಸದಸ್ಯತ್ವಕ್ಕೇ ಕುತ್ತು. ಹಣಕ್ಕೆ ಮಾರಾಟ ಆಗದಿರಲಿ ಅಂತ ಬಂದ ಕಾಯ್ದೆ ಅದು, ಉದ್ದೇಶ ಒಳ್ಳೆಯದೇ. ಆದರೆ ನಮ್ಮ ವಾರ್ಡಿನ ಮೆಂಬರ್‌ಗೆ ಬೇರೆ ಹೆಸರು ಇಷ್ಟ ಇದ್ದರೂ ಕೈ ಎತ್ತೋಕೆ ಆಗಲ್ಲ ಅನ್ನೋದೂ ನಿಜ.

ನ್ಯೂಯಾರ್ಕ್: ಚುನಾವಣೆಗೆ ಮುಂಚೆ ಇನ್ನೊಂದು ಚುನಾವಣೆ

ನ್ಯೂಯಾರ್ಕಿನಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. ಡೆಮಾಕ್ರಟಿಕ್ ಪಕ್ಷದ ಟ್ಯಾಮನಿ ಹಾಲ್ ಅನ್ನೋ ಕೂಟದ ನಾಯಕರು ಹೇಳಿದವರೇ ಅಭ್ಯರ್ಥಿ. ಇಂಥ ಹಿಡಿತಗಳ ವಿರುದ್ಧ 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಬಂದ ಸುಧಾರಣೆಯೇ ಪ್ರೈಮರಿ. ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಆ ಪಕ್ಷದ ಮತದಾರರೇ ಓಟು ಹಾಕಿ ತೀರ್ಮಾನಿಸೋದು. ಇದನ್ನ ನಡೆಸೋದು ಪಕ್ಷದ ಕಚೇರಿ ಅಲ್ಲ, ಸರ್ಕಾರಿ ಚುನಾವಣಾ ಮಂಡಳಿ. ಬಿ ಫಾರಂಗೆ ಸಹಿ ಹಾಕೋ ಪೆನ್ನನ್ನ ಲಕ್ಷಾಂತರ ಜನರ ಕೈಗೆ ಕೊಟ್ಟ ಹಾಗೆ ಅಂದ್ಕೊಳ್ಳಿ.

2025ರ ಜೂನ್ 24ಕ್ಕೆ ಡೆಮಾಕ್ರಟಿಕ್ ಪ್ರೈಮರಿ. ಕಣದಲ್ಲಿ 11 ಜನ. ದೊಡ್ಡ ಹೆಸರು ಆಂಡ್ರೂ ಕ್ವೊಮೊ, ನ್ಯೂಯಾರ್ಕ್ ರಾಜ್ಯದ ಮಾಜಿ ಗವರ್ನರ್. ನಮ್ಮ ಲೆಕ್ಕದಲ್ಲಿ ಮಾಜಿ ಮುಖ್ಯಮಂತ್ರಿ ಇದ್ದಂಗೆ. ಅವರ ಎದುರು ಜೊಹ್ರಾನ್ ಮಮ್ದಾನಿ, 33 ವರ್ಷದ ರಾಜ್ಯ ಶಾಸಕ, ಸಿನಿಮಾ ನಿರ್ದೇಶಕಿ ಮೀರಾ ನಾಯರ್ ಅವರ ಮಗ. ಬಾಡಿಗೆ ಏರಿಕೆಗೆ ತಡೆ, ಉಚಿತ ಬಸ್, ಮಕ್ಕಳ ಪಾಲನೆ ಅಂತ ಪ್ರಚಾರ ಮಾಡಿದರು. ಅವರ ವಿಚಾರ ನಮಗೆ ಒಪ್ಪಿಗೆಯೋ ಅಲ್ಲವೋ ಅದು ಬೇರೆ ಮಾತು. ಪಕ್ಷದ ಹಲವು ಹಿರಿಯರ ಬೆಂಬಲ ಕ್ವೊಮೊಗೆ ಇತ್ತು. ಬಿ ಫಾರಂ ಪದ್ಧತಿ ಇದ್ದಿದ್ದರೆ ಮಮ್ದಾನಿ ಹೆಸರು ಮೊದಲ ಸುತ್ತಿನ ಸಭೆಯಲ್ಲೇ ಬಿದ್ದು ಹೋಗೋದು ಅನ್ನಿಸುತ್ತೆ. ಪ್ರೈಮರಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಓಟು ಹಾಕಿದರು, ಅವರೇ ಗೆದ್ದರು.

ಹಣದ ವಿಷಯಕ್ಕೂ ಅಲ್ಲೊಂದು ಉಪಾಯ ಇದೆ. ನಿಯಮ ಒಪ್ಪಿಕೊಂಡ ಅಭ್ಯರ್ಥಿಗೆ ನಗರದ ನಿವಾಸಿಯೊಬ್ಬರು ಹತ್ತು ಡಾಲರ್ ಕೊಟ್ಟರೆ, ನಗರಾಡಳಿತ ಅದಕ್ಕೆ ಎಂಟು ಪಟ್ಟು, ಅಂದರೆ ಎಂಬತ್ತು ಡಾಲರ್ ಸೇರಿಸುತ್ತೆ. ಒಂದು ಮಿತಿ ಇದೆ, ಲೆಕ್ಕ ಕೊಡಬೇಕು. ದೊಡ್ಡ ಕುಳಗಳ ಹತ್ತಿರ ಹೋಗದೆಯೂ ಪ್ರಚಾರ ಮಾಡಬಹುದು ಅನ್ನೋದು ಇದರ ಉದ್ದೇಶ.

ಒಂದು, ಎರಡು, ಮೂರು: ಮೆಸ್ ಉದಾಹರಣೆ

ಹನ್ನೊಂದು ಜನ ನಿಂತರೆ ಮತ ಹಂಚಿ ಹೋಗಿ, ಬಹಳ ಜನಕ್ಕೆ ಬೇಡವಾದವರೇ ಗೆಲ್ಲಬಹುದಲ್ವಾ? ಅದಕ್ಕೆ ಅಲ್ಲಿ ಪ್ರಾಶಸ್ತ್ಯದ ಮತ. 2019ರಲ್ಲಿ ಜನಮತ ಕೇಳಿ ತಂದ ಪದ್ಧತಿ, ಮೇಯರ್ ಪ್ರೈಮರಿಗೆ ಮೊದಲು ಬಳಸಿದ್ದು 2021ರಲ್ಲಿ. ಮತದಾರರು ಐದು ಹೆಸರಿನವರೆಗೆ 1, 2, 3 ಅಂತ ಕ್ರಮ ಕೊಡಬಹುದು.

ಹಾಸ್ಟೆಲ್ ಮೆಸ್ಸಿನಲ್ಲಿ ಭಾನುವಾರದ ತಿಂಡಿಗೆ ನೂರು ಜನ ಓಟು ಹಾಕಿದರು ಅಂತ ಇಟ್ಕೊಳ್ಳಿ. ಮೊದಲ ಪ್ರಾಶಸ್ತ್ಯ ಹೀಗಿದೆ: ಉಪ್ಪಿಟ್ಟು 34, ತಟ್ಟೆ ಇಡ್ಲಿ 30, ಮಸಾಲೆ ದೋಸೆ 24, ಪೂರಿ 12. ಮಾಮೂಲಿ ಪದ್ಧತಿಯಲ್ಲಿ ಉಪ್ಪಿಟ್ಟು ಗೆದ್ದಂಗೆ. 66 ಜನ ಬೇರೇದು ಕೇಳಿದ್ದರೂ ಭಾನುವಾರವೂ ಉಪ್ಪಿಟ್ಟೇ.

ಪ್ರಾಶಸ್ತ್ಯದ ಲೆಕ್ಕದಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕಡಿಮೆ ಬಂದದ್ದನ್ನ ತೆಗೀತಾರೆ. ಪೂರಿ ಹೋಯ್ತು. ಆ 12 ಚೀಟಿಗಳ ಎರಡನೇ ಆಯ್ಕೆ ನೋಡಿದರೆ 8 ದೋಸೆಗೆ, 4 ಇಡ್ಲಿಗೆ. ಈಗ ಉಪ್ಪಿಟ್ಟು 34, ಇಡ್ಲಿ 34, ದೋಸೆ 32. ಮತ್ತೆ ಯಾರಿಗೂ ಬಹುಮತ ಇಲ್ಲ, ದೋಸೆ ಹೋಯ್ತು. ಆ 32ರಲ್ಲಿ 22 ಇಡ್ಲಿಗೆ, 7 ಉಪ್ಪಿಟ್ಟಿಗೆ, 3 ಚೀಟಿಯಲ್ಲಿ ಮುಂದೆ ಏನೂ ಬರೆದಿಲ್ಲ. ಕೊನೆಗೆ ಇಡ್ಲಿ 56, ಉಪ್ಪಿಟ್ಟು 41. ತಟ್ಟೆ ಇಡ್ಲಿ ಗೆದ್ದಿತು. ಪೂರಿ ಪ್ರಿಯರ ಮತವೂ ವ್ಯರ್ಥ ಆಗಲಿಲ್ಲ. ಕೋಡ್ ಬರೆಯೋರಿಗೆ ಇದೊಂದು ಸಣ್ಣ ಲೂಪ್ ಅಷ್ಟೇ.

2025ರ ಪ್ರೈಮರಿಯಲ್ಲಿ ಮೊದಲ ಎಣಿಕೆಗೆ ಮಮ್ದಾನಿಗೆ ಸುಮಾರು 43 ಪರ್ಸೆಂಟ್, ಕ್ವೊಮೊಗೆ ಸುಮಾರು 36. ಉಳಿದವರನ್ನ ತೆಗೆದು ಹಂಚಿದ ಮೇಲೆ ಸುಮಾರು 56ಕ್ಕೆ 44. ಇದರಲ್ಲೊಂದು ತಮಾಷೆ ನೋಡಿ. ಮೂರನೇ ಸ್ಥಾನದ ಬ್ರ್ಯಾಡ್ ಲ್ಯಾಂಡರ್ ಮತ್ತು ಮಮ್ದಾನಿ ಎದುರಾಳಿಗಳಾಗಿದ್ದೂ "ನನಗೆ ಒಂದನೇ ಮತ, ಅವರಿಗೆ ಎರಡನೇದು" ಅಂತ ಒಬ್ಬರಿಗೊಬ್ಬರು ಪ್ರಚಾರ ಮಾಡಿದರು. ಎದುರಾಳಿಯ ಬೆಂಬಲಿಗರ ಎರಡನೇ ಮತ ಬೇಕು ಅಂದರೆ ಎದುರಾಳಿಯನ್ನ ಬಯ್ಯೋಕೆ ಬಾಯಿ ಬರಲ್ಲ.

ಇದೆಲ್ಲ ಅಮೆರಿಕದ ಕಥೆ ಅಂದ್ಕೋಬೇಡಿ. ನಮ್ಮ ತುಮಕೂರು ಜಿಲ್ಲೆ ವಿಧಾನ ಪರಿಷತ್ತಿನ ಆಗ್ನೇಯ ಪದವೀಧರರ ಮತ್ತು ಆಗ್ನೇಯ ಶಿಕ್ಷಕರ ಕ್ಷೇತ್ರಗಳಿಗೆ ಸೇರುತ್ತೆ. ಅಲ್ಲಿ ಮತಪತ್ರದ ಮೇಲೆ 1, 2, 3 ಅಂತಲೇ ಬರೆಯೋದು. ನಮ್ಮ ಹೈಸ್ಕೂಲ್ ಮೇಷ್ಟ್ರುಗಳು ಎಷ್ಟೋ ವರ್ಷದಿಂದ ಮಾಡ್ತಿರೋ ಕೆಲಸ ಇದು.

ಹಾಗಾದರೆ ಪ್ರೈಮರಿ ತಂದುಬಿಟ್ಟರೆ ಆಯ್ತಾ?

ಅಷ್ಟು ಸುಲಭ ಇಲ್ಲ. ನ್ಯೂಯಾರ್ಕಿನ ಪ್ರೈಮರಿಯಲ್ಲಿ ಆ ಪಕ್ಷಕ್ಕೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಓಟು. ಯಾವ ಪಕ್ಷವೂ ಬೇಡ ಅನ್ನೋರು ಹೊರಗೇ. ಅಲ್ಲಿ ಡೆಮಾಕ್ರಟರ ಬಲ ಎಷ್ಟು ಅಂದರೆ ಹೆಚ್ಚಿನ ವರ್ಷ ಪ್ರೈಮರಿ ಗೆದ್ದವರೇ ಮೇಯರ್. ಹಾಗಾಗಿ ಒಂದು ಪಾಲು ಜನರಷ್ಟೇ ಸೇರಿ ಇಡೀ ಊರಿನ ತೀರ್ಮಾನ ಮಾಡಿದಂಗೆ ಆಗುತ್ತೆ. ಸೋತವರು ಸುಮ್ಮನೆ ಕೂರ್ತಾರೆ ಅನ್ನೋ ಖಾತ್ರಿಯೂ ಇಲ್ಲ. ಕ್ವೊಮೊ ಪ್ರೈಮರಿ ಸೋತರೂ ಪಕ್ಷೇತರರಾಗಿ ನಿಂತರು. ಬಂಡಾಯ ಅಭ್ಯರ್ಥಿ ನಮ್ಮಲ್ಲಿ ಮಾತ್ರ ಅಂತ ತಿಳಿದಿದ್ದೆ! ನವೆಂಬರ್ 4ರ ಚುನಾವಣೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮತ ಬಿದ್ದವು, ಮಮ್ದಾನಿಗೆ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು.

ತಂತ್ರಜ್ಞಾನವೂ ಕೈ ಕೊಟ್ಟಿದೆ. 2021ರ ಪ್ರೈಮರಿ ಎಣಿಕೆಯಲ್ಲಿ ಪರೀಕ್ಷೆಗೆ ಅಂತ ಹಾಕಿದ್ದ ಸುಮಾರು 1 ಲಕ್ಷ 35 ಸಾವಿರ ನಕಲಿ ಮತಗಳನ್ನ ಅಳಿಸೋದು ಮರೆತು, ಅವನ್ನೂ ಸೇರಿಸಿ ಫಲಿತಾಂಶ ಬಿಟ್ಟರು. ಆಮೇಲೆ ವಾಪಸ್ ತಗೊಂಡು ಮತ್ತೆ ಎಣಿಸಿದರು. ಟೆಸ್ಟ್ ಡೇಟಾ ಕ್ಲಿಯರ್ ಮಾಡಿ ಅಂತ ಲ್ಯಾಬಿನಲ್ಲಿ ನಮಗೆ ಯಾಕೆ ಹೇಳ್ತಾರೆ ಅಂತ ಈಗ ಗೊತ್ತಾಯ್ತಲ್ಲ.

ಕರ್ನಾಟಕದಲ್ಲೂ ಪ್ರೈಮರಿಯ ಒಂದು ಪ್ರಯೋಗ ನಡೆದಿದೆ. 2014ರ ಲೋಕಸಭಾ ಚುನಾವಣೆಗೆ ಮುಂಚೆ ರಾಹುಲ್ ಗಾಂಧಿ ಮುಂದಾಳತ್ವದಲ್ಲಿ ಕಾಂಗ್ರೆಸ್ ದೇಶದ ಕೆಲವು ಕ್ಷೇತ್ರಗಳಲ್ಲಿ ಒಳಚುನಾವಣೆ ಮಾಡಿತು. ನಮ್ಮಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಗೆದ್ದರು. ಆದರೆ ಮತ ಇದ್ದದ್ದು ಪಕ್ಷದ ಪದಾಧಿಕಾರಿಗಳಂಥವರಿಗೆ, ಬೀದಿಯ ಮತದಾರನಿಗೆ ಅಲ್ಲಿ ಜಾಗ ಇರಲಿಲ್ಲ. ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಸೋತರು. ಪ್ರಯೋಗ ಅಲ್ಲಿಗೇ ನಿಂತಿತು. ಪ್ರೈಮರಿ ಮಾಡಿದ್ದಕ್ಕೇ ಸೋತರು ಅನ್ನೋಕೆ ಆಗಲ್ಲ, ಆ ವರ್ಷದ ಗಾಳಿಯೇ ಬೇರೆ ಕಡೆ ಇತ್ತು. ಒಂದೇ ಸಲ ಮಾಡಿ ಬಿಟ್ಟ ಪ್ರಯೋಗದಿಂದ ತೀರ್ಮಾನ ಬರೆಯಬಾರದು ಅಂತ ನಮಗೆ ಮೊದಲ ವರ್ಷವೇ ಕಲಿಸಿದ್ದಾರೆ.

ಗೆದ್ದವರ ಕೈಲಿ ಏನಿದೆ?

ಮೂರನೇ ಪ್ರಶ್ನೆ ಅಜ್ಜಿಯ ನಲ್ಲಿ ನೀರಿನದು. ನ್ಯೂಯಾರ್ಕ್ ಮೇಯರ್ ಅವಧಿ ನಾಲ್ಕು ವರ್ಷ. ಪೊಲೀಸ್ ಕಮಿಷನರ್ ನೇಮಕ, ಸರ್ಕಾರಿ ಶಾಲೆಗಳು, ವರ್ಷಕ್ಕೆ ನೂರು ಬಿಲಿಯನ್ ಡಾಲರ್‌ಗೂ ಮೀರಿದ ಬಜೆಟ್ ಅವರ ಕೈಲಿ. ಬೆಂಗಳೂರಲ್ಲಿ ನೀರು ಜಲಮಂಡಳಿದು, ಬಸ್ಸು ಬಿಎಂಟಿಸಿದು, ಕರೆಂಟು ಬೆಸ್ಕಾಂದು, ಪೊಲೀಸ್ ಗೃಹ ಇಲಾಖೆದು. ಎಲ್ಲವೂ ರಾಜ್ಯ ಸರ್ಕಾರದ ಅಡಿಯಲ್ಲಿ. ಅಂದರೆ ಮೇಯರ್ ಇದ್ದಿದ್ದರೂ ನಲ್ಲಿ ನೀರಿಗೆ ಅವರನ್ನ ಬಯ್ಯೋ ಹಾಗಿರಲಿಲ್ಲ! ಉತ್ತರ ಪ್ರದೇಶ, ಮಧ್ಯಪ್ರದೇಶದಂಥ ರಾಜ್ಯಗಳಲ್ಲಿ ಜನರೇ ನೇರವಾಗಿ ಮೇಯರ್ ಆರಿಸ್ತಾರೆ. ನೇರ ಚುನಾವಣೆ ಮಾಡಿ ಕೈಗೆ ಅಧಿಕಾರ ಕೊಡದಿದ್ದರೆ ಅದೂ ಅರ್ಧ ಕೆಲಸವೇ.

ಹೊಸ ವ್ಯವಸ್ಥೆ ಈಗ ಬಂದಿದೆ. ನಮ್ಮ ಹೋಬಳಿ ಟೀವಿಯಲ್ಲಿ ಬರೋದು ನೊಣವಿನಕೆರೆಯ ಕಾಡಸಿದ್ದೇಶ್ವರ ಮಠಕ್ಕೆ ಡಿ.ಕೆ. ಶಿವಕುಮಾರ್ ಬಂದಾಗ. ಬೆಂಗಳೂರು ಅಭಿವೃದ್ಧಿ ಖಾತೆ ಹೊತ್ತು ಅವರೇ ಮುಂದೆ ನಿಂತು ತಂದದ್ದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ. 2025ರ ಮೇ 15ಕ್ಕೆ ಜಾರಿಗೆ ಬಂತು. ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗಕ್ಕೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ, ಒಟ್ಟು 369 ವಾರ್ಡು. ಮೇಲೆ ಮುಖ್ಯಮಂತ್ರಿ ಅಧ್ಯಕ್ಷತೆಯ ಪ್ರಾಧಿಕಾರ. ಮೇಯರ್ ಅವಧಿ ಒಂದು ವರ್ಷದಿಂದ 30 ತಿಂಗಳಿಗೆ ಏರಿದೆ, ಇದು ನಿಜಕ್ಕೂ ಒಳ್ಳೇ ಬದಲಾವಣೆ. ವಾರ್ಡ್ ಚಿಕ್ಕದಾದಷ್ಟೂ ಮೆಂಬರ್ ಮನೆ ಹತ್ತಿರ ಆಗುತ್ತೆ, ಅದೂ ಒಳ್ಳೆಯದೇ. ಆದರೆ ಜನ ನೇರವಾಗಿ ಮೇಯರ್ ಆರಿಸೋದು ಇಲ್ಲೂ ಬರಲಿಲ್ಲ. ಪಟ್ಟಿ ಬರೆಯೋ ಪೆನ್ನೂ ಇದ್ದ ಕಡೆಯೇ ಇದೆ.

ನಮ್ಮ ಪಾಲಿಗೆ ಏನು ಉಳೀತು?

ಪಕ್ಷಗಳಿಗೆ ಪ್ರೈಮರಿ ಮಾಡಿ ಅಂತ ನಾವು ಆಜ್ಞೆ ಮಾಡೋಕೆ ಆಗಲ್ಲ. ಆದರೆ ಅಭ್ಯರ್ಥಿ ಮನೆ ಬಾಗಿಲಿಗೆ ಬಂದಾಗ ಒಂದು ಪ್ರಶ್ನೆ ಕೇಳಬಹುದು: "ನಿಮ್ಮ ಹೆಸರು ಪಟ್ಟಿಗೆ ಹೇಗೆ ಬಂತು ಸಾರ್? ಈ ವಾರ್ಡಲ್ಲಿ ಯಾರನ್ನ ಕೇಳಿ ಕೊಟ್ಟರು?" ಸಾವಿರ ಮನೆಯಲ್ಲಿ ಇದೇ ಪ್ರಶ್ನೆ ಬಂದರೆ ಮುಂದಿನ ಸಲ ಟಿಕೆಟ್ ಕೊಡೋರು ಸ್ವಲ್ಪ ಯೋಚನೆ ಮಾಡ್ತಾರೆ.

ಅದಕ್ಕೂ ಮೊದಲು ಆ ವಾರ್ಡಲ್ಲಿ ನಮಗೆ ಓಟು ಇರಬೇಕು. ನನ್ನ ಓಟು ಇರೋದು ಊರಲ್ಲಿ. ಕೆಲಸ ಸಿಕ್ಕಿ ಬೆಂಗಳೂರಲ್ಲಿ ನೆಲೆಸಿದ ಮೇಲೂ ಹತ್ತಾರು ವರ್ಷ ಊರಿನ ಪಟ್ಟಿಯಲ್ಲೇ ಹೆಸರು ಇಟ್ಟುಕೊಂಡು, ಇಲ್ಲಿನ ರಸ್ತೆಗೆ ಬಯ್ಕೊಂಡು ಓಡಾಡೋರು ನಮ್ಮಲ್ಲಿ ಬಹಳ. ಹೊಸದಾಗಿ ಹೆಸರು ಸೇರಿಸೋಕೆ ನಮೂನೆ 6, ವಾಸ ಬದಲಾದರೆ ನಮೂನೆ 8. ಪದವಿ ಮುಗಿದು ಮೂರು ವರ್ಷ ಆದ ಮೇಲೆ ಪದವೀಧರರ ಕ್ಷೇತ್ರಕ್ಕೆ ನಮೂನೆ 18. ಅಲ್ಲಿ ನೀವೂ 1, 2, 3 ಬರೆದು ನೋಡಬಹುದು.

ಮೊನ್ನೆ ಫೋನ್ ಮಾಡಿದಾಗ ಇದನ್ನೆಲ್ಲ ಅಜ್ಜಿಗೆ ಅರ್ಧ ಗಂಟೆ ವಿವರಿಸಿದೆ. ನ್ಯೂಯಾರ್ಕು, ಪ್ರೈಮರಿ, ತಟ್ಟೆ ಇಡ್ಲಿ ಲೆಕ್ಕ, ಎಲ್ಲ. ಪೂರ್ತಿ ಕೇಳಿಸ್ಕೊಂಡು ಕೊನೆಗೆ ಅಂದರು:

"ಅದೆಲ್ಲ ಸರಿ ಕಣಪ್ಪ. ನಿಮ್ ಬೀದಿಗೆ ಮೆಂಬ್ರು ಬಂದ ದಿನ ಮೊದ್ಲು ಅವ್ರ ಮನೆ ಎಲ್ಲೈತೆ ಅಂತ ನೋಡ್ಕಂಡು ಬಾ."